ಹೋಳಿಗೆ ತಿನ್ನಿ, ಲೆಕ್ಕ ಇಡಿ: ಕ್ಯಾಲೊರಿ ಡಯಟ್‌ನಲ್ಲಿ ಸಿಹಿಗೂ ಒಂದು ಜಾಗ

(ಈ ವಾರದ ಆರೋಗ್ಯ ಪಾಡ್‌ಕಾಸ್ಟ್‌ನ ಪಠ್ಯರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕೂತು, ಮೆಟ್ರೋದಲ್ಲಿ ನಿಂತು, ವಾಕಿಂಗ್ ಮಾಡ್ತಾ, ಪಾತ್ರೆ ತೊಳೀತಾ, ಎಲ್ಲಿಂದ ಕೇಳ್ತಾ ಇದ್ರೂ ಈ ವಾರದ ಸಂಚಿಕೆಗೆ ಸ್ವಾಗತ.

ಇವತ್ತಿನ ವಿಷಯ ಸಿಹಿತಿಂಡಿ. ಕ್ಯಾಲೊರಿ ಲೆಕ್ಕ ಇಟ್ಕೊಂಡು ಊಟ ಮಾಡೋವ್ರಿಗೆ ಸಿಹಿ ತಿನ್ನೋ ಹಕ್ಕು ಇದೆಯಾ ಇಲ್ವಾ ಅನ್ನೋ ಪ್ರಶ್ನೆ. ಇದು ತಮಾಷೆಯ ಪ್ರಶ್ನೆ ಅಲ್ಲ. ಒಬ್ಬ ಕೇಳುಗರು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದ ಮೇಲೆ ಇಡೀ ಸಂಚಿಕೆಯನ್ನೇ ಇದಕ್ಕೆ ಕೊಡಬೇಕು ಅನ್ನಿಸ್ತು. ಅವರ ಊರು ಹುಬ್ಬಳ್ಳಿ ಹತ್ತಿರ. ಬೆಂಗಳೂರಲ್ಲಿ ಪಿಜಿಯಲ್ಲಿದ್ದು ಕೆಲಸಕ್ಕೆ ಹೋಗ್ತಾರೆ. ಮೂರು ತಿಂಗಳಿಂದ ಡಯಟಿಷಿಯನ್ ಹೇಳಿದ ಹಾಗೆ ದಿನಕ್ಕೆ 1600 ಕ್ಯಾಲೊರಿ ಲೆಕ್ಕದಲ್ಲಿ ಊಟ ಮಾಡಿ 4 ಕೆ.ಜಿ. ಇಳಿಸಿದ್ದಾರೆ. ಈಗ ಯುಗಾದಿ ಹತ್ತಿರ ಬರ್ತಿದೆ. ಅವರ ಪ್ರಶ್ನೆ ಹೀಗಿತ್ತು: "ಊರಿಗೆ ಹೋದ್ರೆ ಅವ್ವ ಹೋಳಿಗಿ ಮಾಡ್ತಾಳ. ತಿನ್ನಲಿಲ್ಲಂದ್ರ ಅಕಿಗೆ ಬ್ಯಾಸರ. ತಿಂದ್ರ ಮೂರು ತಿಂಗಳ ಕಷ್ಟ ನೀರಾಗ ಹೋಗ್ತದ. ಈ ಸಲ ಊರಿಗೇ ಹೋಗೂದು ಬ್ಯಾಡ ಅನಸ್ತದ. ಸರಿ ಅದನು?"

ಹೋಳಿಗೆಗೆ ಹೆದರಿ ಹಬ್ಬಕ್ಕೆ ಊರಿಗೇ ಹೋಗದೇ ಇರೋದು. ಇಲ್ಲಿಗೆ ಬಂದು ನಿಂತಿದೆ ನಮ್ಮಲ್ಲಿ ಎಷ್ಟೋ ಜನರ ಡಯಟ್. ಅವರ ಪ್ರಶ್ನೆಗೆ ಉತ್ತರ ಕೊಡೋಕೆ ಸ್ವಲ್ಪ ಲೆಕ್ಕ ಮಾಡಬೇಕು. ಹೆದರಬೇಡಿ, ಕೂಡೋದು, ಗುಣಿಸೋದು ಅಷ್ಟೇ.

ಮೊದಲು ನಾಲ್ಕು ಮತ್ತು ಒಂಬತ್ತು

ಎರಡು ಅಂಕಿ ನೆನಪಿಟ್ಕೊಳ್ಳಿ. ಸಕ್ಕರೆ, ಬೆಲ್ಲ, ಹಿಟ್ಟು, ಅಂದ್ರೆ ಕಾರ್ಬೋಹೈಡ್ರೇಟ್ ಯಾವುದೇ ಇರಲಿ, 1 ಗ್ರಾಂಗೆ 4 ಕ್ಯಾಲೊರಿ. ಪ್ರೋಟೀನ್‌ಗೂ 4. ಕೊಬ್ಬು, ಅಂದ್ರೆ ತುಪ್ಪ, ಎಣ್ಣೆ, ಬೆಣ್ಣೆ, 1 ಗ್ರಾಂಗೆ 9. ಪ್ಯಾಕೆಟ್ ಮೇಲೆ ಕಿಲೋಕ್ಯಾಲೊರಿ ಅಂತ ಬರೆದಿರೋದೂ, ನಾವು ದಿನಾ ಮಾತಲ್ಲಿ ಕ್ಯಾಲೊರಿ ಅನ್ನೋದೂ ಒಂದೇ.

ನಮ್ಮ ಸಿಹಿತಿಂಡಿಗಳಲ್ಲಿ ಮೂರು ಭಾಗ ಇರುತ್ತೆ: ಹಿಟ್ಟು ಅಥವಾ ಬೇಳೆ, ಸಿಹಿ, ಮತ್ತೆ ಜಿಡ್ಡು. ನಾವು ಯಾವಾಗ್ಲೂ ಬೈಯೋದು ಸಿಹಿಯನ್ನ. ಆದ್ರೆ ತುಂಬಾ ಸಿಹಿತಿಂಡಿಗಳಲ್ಲಿ ಕ್ಯಾಲೊರಿ ಏರಿಸೋದು ಜಿಡ್ಡು. ಮೈಸೂರು ಪಾಕನ್ನೇ ತಗೊಳ್ಳಿ. 100 ಗ್ರಾಂ ಕಡಲೆಹಿಟ್ಟು, 200 ಗ್ರಾಂ ಸಕ್ಕರೆ, 200 ಗ್ರಾಂ ತುಪ್ಪ ಹಾಕಿ ಮಾಡಿದ್ರೆ ಹಿಟ್ಟಿನದು ಸುಮಾರು 370, ಸಕ್ಕರೆಯದು 800, ತುಪ್ಪದ್ದು 1800. ಒಟ್ಟು ಹತ್ತಿರ ಹತ್ತಿರ 3000. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತುಪ್ಪದ್ದೇ. ಒಂದಿಷ್ಟು ತುಪ್ಪ ತಟ್ಟೆಯಲ್ಲೇ ಉಳೀತು ಅಂತ ಬಿಟ್ರೂ, 40 ಗ್ರಾಂನ ಒಂದು ತುಂಡಿಗೆ 200ರಿಂದ 240 ಕ್ಯಾಲೊರಿ ಇದ್ದೇ ಇರುತ್ತೆ.

ಒಂದು ಹೋಳಿಗೆಗೆ ಎಷ್ಟು?

ಈಗ ಹೋಳಿಗೆ. ಆ್ಯಪ್‌ನಲ್ಲಿ "ಹೋಳಿಗೆ, 1 ಪೀಸ್" ಅಂತ ಹುಡುಕಿದ್ರೆ ಹತ್ತು ಥರದ ಉತ್ತರ ಬರುತ್ತೆ. ಯಾಕಂದ್ರೆ ಒಬ್ಬರ ಮನೆ ಹೋಳಿಗೆ ಅಂಗೈಯಷ್ಟು, ಇನ್ನೊಬ್ಬರದು ತಟ್ಟೆಯಷ್ಟು. ಮನೆ ಅಡುಗೆಗೆ ಒಳ್ಳೇ ದಾರಿ ಅಂದ್ರೆ ಹಾಕಿದ ಸಾಮಾನಿನ ಲೆಕ್ಕ ಮಾಡಿ, ಎಷ್ಟು ಹೋಳಿಗೆ ಆಯ್ತೋ ಅಷ್ಟರಿಂದ ಭಾಗಿಸೋದು.

ಕಡಲೆಬೇಳೆ 250 ಗ್ರಾಂ: ಸುಮಾರು 875 ಕ್ಯಾಲೊರಿ. ಬೆಲ್ಲ 250 ಗ್ರಾಂ: ಸುಮಾರು 950. ಕಣಕಕ್ಕೆ ಮೈದಾ ಅಥವಾ ಚಿರೋಟಿ ರವೆ 200 ಗ್ರಾಂ: 700. ಕಣಕ ನಾದೋಕೆ, ತಟ್ಟೋಕೆ, ಬೇಯಿಸೋಕೆ ಎಲ್ಲಾ ಸೇರಿ ಎಣ್ಣೆ 50 ಗ್ರಾಂ: 450. ಕೂಡಿದ್ರೆ 2975. ಮೂರು ಸಾವಿರ ಅಂತಲೇ ಇಟ್ಕೊಳ್ಳಿ. ಇಷ್ಟರಲ್ಲಿ ಮಧ್ಯಮ ಗಾತ್ರದ 15 ಹೋಳಿಗೆ ಆಯ್ತು ಅಂದ್ರೆ ಒಂದಕ್ಕೆ 200 ಕ್ಯಾಲೊರಿ. ಬೆಲ್ಲ ಒಂದರಲ್ಲಿ 17 ಗ್ರಾಂ ಹತ್ತಿರ.

ಇದು ಹೋಳಿಗೆಯದು ಮಾತ್ರ. ಮೇಲೆ ಹಾಕೋ ತುಪ್ಪ ಬೇರೆ. ಒಂದು ದೊಡ್ಡ ಚಮಚ ತುಪ್ಪ ಅಂದ್ರೆ ಇನ್ನೊಂದು 120. ಅಜ್ಜಿ ಸೌಟಲ್ಲಿ ಸುರಿದ್ರೆ ಲೆಕ್ಕ ನಿಮ್ಮ ಕೈಲಿಲ್ಲ! ಹಾಗಾಗಿ ಹೋಳಿಗೆ ಊಟದಲ್ಲಿ ಗಮನ ಇಡಬೇಕಾದ್ದು ಹೋಳಿಗೆಗಿಂತ ತುಪ್ಪದ ಮೇಲೆ. ತುಪ್ಪ ಬೇಡ ಅಂತಲ್ಲ, ಅದಿಲ್ಲದೆ ಹೋಳಿಗೆ ಗಂಟಲಲ್ಲಿ ಇಳಿಯಲ್ಲ ಅನ್ನೋರು ತುಂಬಾ ಜನ. ಚಮಚದಲ್ಲಿ ಹಾಕ್ಕೊಳ್ಳಿ, ಅಷ್ಟೇ.

ಆ ದಿನದ ಊಟ ಹೀಗೆ ಕೂಡಿಸಬಹುದು

ಈಗ ಹುಬ್ಬಳ್ಳಿಯ ಕೇಳುಗರಿಗೆ ಉತ್ತರ. ಯುಗಾದಿ ದಿನ ಅವರ 1600ರಲ್ಲಿ ಹೋಳಿಗೆ ಹಿಡಿಸುತ್ತಾ ನೋಡೋಣ.

ಬೆಳಗ್ಗೆ ಬೇವು-ಬೆಲ್ಲ ಬಾಯಿಗೆ ಹಾಕ್ಕೊಂಡು, ಇಡ್ಲಿ ಚಟ್ನಿಯಂಥ ತಿಂಡಿ: 350. ಮಧ್ಯಾಹ್ನ ಎರಡು ಹೋಳಿಗೆ, ಒಂದು ದೊಡ್ಡ ಚಮಚ ತುಪ್ಪ: 520. ಹೆಸರುಬೇಳೆ ಕೋಸಂಬರಿ: 80. ಪಲ್ಯ: 100. ಸ್ವಲ್ಪ ಅನ್ನ, ಕಟ್ಟಿನ ಸಾರು: 250. ಊಟ 950ಕ್ಕೆ ಮುಗೀತು. ಸಂಜೆ ಸಕ್ಕರೆ ಇಲ್ಲದ ಕಾಫಿ: 50. ರಾತ್ರಿ ಹೊಟ್ಟೆ ಹೇಗೂ ಭಾರ ಇರುತ್ತೆ. ಮಜ್ಜಿಗೆ, ಒಂದು ಹಣ್ಣು, ಹಸಿವಿದ್ರೆ ಒಂದು ಚಪಾತಿ: 250. ಕೂಡಿಸಿ. 1600.

ಒಂದೂ ಊಟ ಬಿಟ್ಟಿಲ್ಲ, ಹೋಳಿಗೆ ಒಂದಲ್ಲ, ಎರಡು. ಬಡಿಸೋವಾಗ ಅವ್ವ ಮೂರನೇದು ಹಾಕೇ ಬಿಟ್ರು, ಜೊತೆಗೆ ಇನ್ನೊಂದು ಚಮಚ ತುಪ್ಪ ಸುರಿದ್ರು ಅಂತಲೇ ಇಟ್ಕೊಳ್ಳಿ. 320 ಹೆಚ್ಚಾಯ್ತು. ಅವರು ಮೂರು ತಿಂಗಳಲ್ಲಿ 4 ಕೆ.ಜಿ. ಇಳಿಸಿದ್ದಾರೆ ಅಂದ್ನಲ್ಲ. ದೇಹದ ಒಂದು ಕೆ.ಜಿ. ಕೊಬ್ಬು ಅಂದ್ರೆ ಅಂದಾಜು 7700 ಕ್ಯಾಲೊರಿ. ಇಳಿದ ತೂಕದಲ್ಲಿ ಸ್ವಲ್ಪ ನೀರೂ ಇರುತ್ತೆ. ಆದ್ರೂ ಒಟ್ಟು ಲೆಕ್ಕಕ್ಕೆ 4 ಕೆ.ಜಿ. ಅಂದ್ರೆ ಮೂವತ್ತು ಸಾವಿರ ಕ್ಯಾಲೊರಿ ಉಳಿತಾಯ. ಅದರಲ್ಲಿ 320 ಖರ್ಚಾದ್ರೆ ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಮೂರು ತಿಂಗಳ ಕಷ್ಟ ನೀರಾಗ ಹೋಗಲ್ಲ. ಆರಾಮಾಗಿ ಊರಿಗೆ ಹೋಗಿ ಬನ್ನಿ.

ಒಂದು ಮಾತು ಮಾತ್ರ. ಮಧ್ಯಾಹ್ನ ಹೋಳಿಗೆ ಇದೆ ಅಂತ ಬೆಳಗ್ಗಿನ ತಿಂಡಿ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಎಲೆ ಮುಂದೆ ಕೂತವರಿಗೆ ಎರಡು ಹೋಳಿಗೆ ಸಾಕಾಗಲ್ಲ. ಕೋಸಂಬರಿ, ಪಲ್ಯ ಮೊದಲು ತಿನ್ನಿ. ಬೇಳೆ, ಸೌತೆಕಾಯಿ, ತರಕಾರಿ ಹೊಟ್ಟೆಗೆ ಹೋದ ಮೇಲೆ ಸಿಹಿ ತಿಂದ್ರೆ ರಕ್ತದಲ್ಲಿ ಸಕ್ಕರೆ ಏರೋದು ನಿಧಾನ ಆಗುತ್ತೆ, ಹೊಟ್ಟೆ ತುಂಬಿದ್ದೂ ಬೇಗ ಗೊತ್ತಾಗುತ್ತೆ.

ಮರುದಿನ ತೂಕದ ಮಿಷನ್ ಹೆದರಿಸುತ್ತೆ

ಹಬ್ಬದ ಮರುದಿನ ಬೆಳಗ್ಗೆ ಮಿಷನ್ ಮೇಲೆ ನಿಂತರೆ ಒಂದು ಕೆ.ಜಿ. ಜಾಸ್ತಿ ತೋರಿಸಬಹುದು. ಅಲ್ಲೇ ಎಷ್ಟೋ ಜನ ಡಯಟ್ ಬಿಟ್ಟುಬಿಡೋದು. ಆ ಒಂದು ಕೆ.ಜಿ. ಏನು ಗೊತ್ತಾ? ಹೆಚ್ಚಿನ ಪಾಲು ನೀರು.

ನಾವು ತಿಂದ ಕಾರ್ಬೋಹೈಡ್ರೇಟ್‌ನಲ್ಲಿ ಒಂದಿಷ್ಟನ್ನ ದೇಹ ಗ್ಲೈಕೋಜನ್ ಅನ್ನೋ ರೂಪದಲ್ಲಿ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತೆ. ಪ್ರತಿ 1 ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು 3 ಗ್ರಾಂ ನೀರೂ ಉಳಿಯುತ್ತೆ. ಹಬ್ಬದೂಟದ ಉಪ್ಪು, ಹಪ್ಪಳ, ಉಪ್ಪಿನಕಾಯಿ ಇನ್ನಷ್ಟು ನೀರು ಹಿಡಿದಿಡುತ್ತೆ. ಹೊಟ್ಟೆಯಲ್ಲಿ ಇನ್ನೂ ಅರಗದ ಊಟದ ತೂಕ ಬೇರೆ. ಎರಡು ಮೂರು ದಿನ ಮಾಮೂಲಿ ಊಟಕ್ಕೆ ಬಂದ್ರೆ ಇದು ತಾನಾಗೇ ಇಳಿಯುತ್ತೆ.

ನಿಜವಾಗಿ ಒಂದು ಕೆ.ಜಿ. ಕೊಬ್ಬು ಏರಬೇಕಾದ್ರೆ ನಿಮ್ಮ ದೇಹಕ್ಕೆ ಬೇಕಾದ್ದಕ್ಕಿಂತ 7700 ಕ್ಯಾಲೊರಿ ಜಾಸ್ತಿ ತಿನ್ನಬೇಕು. ಅಂದ್ರೆ ದಿನದ ಪೂರ್ತಿ ಊಟದ ಮೇಲೆ ಮೂವತ್ತೆಂಟು ಹೋಳಿಗೆ. ಅಷ್ಟು ಯಾರೂ ತಿಂದಿರಲ್ಲ. ಆದ್ದರಿಂದ ಹಬ್ಬ ಆಗಿ ಮೂರು ದಿನ ಮಿಷನ್ ಹತ್ತಲೇಬೇಡಿ.

ಹಾಗೇ, ತಿಂದದ್ದನ್ನ "ಕರಗಿಸೋಕೆ" ಅಂತ ಮರುದಿನ ಎರಡು ಗಂಟೆ ಟ್ರೆಡ್‌ಮಿಲ್ ಮೇಲೆ ಓಡೋದೂ ಬೇಡ. 60 ಕೆ.ಜಿ. ತೂಕದವರು ಒಂದು ಗಂಟೆ ಚುರುಕಾಗಿ ನಡೆದ್ರೆ ಖರ್ಚಾಗೋದು ಸುಮಾರು 200ರಿಂದ 250 ಕ್ಯಾಲೊರಿ, ಅಂದ್ರೆ ಒಂದು ಹೋಳಿಗೆ. ನಡೆಯೋದು ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಒಳ್ಳೇದು. ಅದನ್ನ ಹೋಳಿಗೆಗೆ ದಂಡ ಅಂತ ಮಾಡ್ಕೊಂಡ್ರೆ ಸ್ವಲ್ಪ ದಿನದಲ್ಲಿ ನಡೆಯೋದೂ ಬೇಡ ಅನ್ಸುತ್ತೆ.

ಹಾಗಾದ್ರೆ ಡಯಟ್ ಕೆಡಿಸೋದು ಯಾವುದು?

ಇದು ಇವತ್ತಿನ ಮುಖ್ಯ ಮಾತು. ವರ್ಷಕ್ಕೆ ನಾಲ್ಕಾರು ಸಲ ಎಲೆ ಮೇಲೆ ಬೀಳೋ ಹೋಳಿಗೆ ಡಯಟ್ ಕೆಡಿಸಲ್ಲ. ದಿನಾ ಬಾಯಿಗೆ ಹೋಗಿಯೂ ನೆನಪಲ್ಲಿ ಉಳಿಯದ ಸಿಹಿ ಕೆಡಿಸುತ್ತೆ.

ಕಾಫಿ, ಟೀ ನೋಡಿ. ದಿನಕ್ಕೆ ಮೂರು ಕಪ್, ಒಂದಕ್ಕೆ ಎರಡು ಟೀ ಚಮಚ ಸಕ್ಕರೆ. ಆರು ಚಮಚ. ಚಮಚಕ್ಕೆ 5 ಗ್ರಾಂ ಅಂದ್ರೆ 30 ಗ್ರಾಂ, 120 ಕ್ಯಾಲೊರಿ. ವಾರಕ್ಕೆ 840. ನಾಲ್ಕು ಹೋಳಿಗೆ! ಪ್ರತಿ ವಾರ ನಾಲ್ಕು ಹೋಳಿಗೆ ತಿಂತಾ ಇದ್ದೀವಿ, ಹೋಳಿಗೆಯ ರುಚಿ ಮಾತ್ರ ಸಿಕ್ಕಿಲ್ಲ.

ಆಫೀಸಲ್ಲಿ ಟೀ ಜೊತೆ ಕ್ರೀಮ್ ಬಿಸ್ಕೆಟ್. ಒಂದು ಸುಮಾರು 10 ಗ್ರಾಂ ಇರುತ್ತೆ, ಹತ್ತಿರ 50 ಕ್ಯಾಲೊರಿ. ಮೀಟಿಂಗ್ ಮುಗಿಯೋದ್ರೊಳಗೆ ನಾಲ್ಕು ಖಾಲಿ. ಅದೂ ಒಂದು ಹೋಳಿಗೆಯಷ್ಟು. ಕೋಲಾದಂಥ ಪಾನೀಯದಲ್ಲಿ 100 ಎಂ.ಎಲ್.ಗೆ ಸುಮಾರು 10 ಗ್ರಾಂ ಸಕ್ಕರೆ. ಬಿರಿಯಾನಿ ಜೊತೆ ಅರ್ಧ ಲೀಟರ್ ಬಾಟಲಿ ಮುಗಿಸಿದ್ರೆ 50 ಗ್ರಾಂ, 200 ಕ್ಯಾಲೊರಿ. ಇವುಗಳಲ್ಲಿ ಒಂದನ್ನೂ ನಾವು "ಸಿಹಿ ತಿಂದೆ" ಅಂತ ಆ್ಯಪ್‌ಗೆ ಹಾಕಲ್ಲ. ಹಾಕೋದು ಹಬ್ಬದ ಒಬ್ಬಟ್ಟನ್ನ ಮಾತ್ರ, ಅದೂ ತಪ್ಪಿತಸ್ಥರ ಥರ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆ ಬಗ್ಗೆ ಒಂದು ಮಾರ್ಗಸೂಚಿ ಕೊಟ್ಟಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆಯ ಪಾಲು ಶೇಕಡಾ 10ಕ್ಕಿಂತ ಕಮ್ಮಿ ಇರಬೇಕು, ಶೇಕಡಾ 5ಕ್ಕಿಂತ ಕಮ್ಮಿ ಇದ್ರೆ ಇನ್ನೂ ಒಳ್ಳೇದು ಅಂತ. ಇದರಲ್ಲಿ ಸಕ್ಕರೆ, ಬೆಲ್ಲ, ಜೇನುತುಪ್ಪ, ಹಣ್ಣಿನ ಜ್ಯೂಸ್‌ನಲ್ಲಿರೋ ಸಕ್ಕರೆ ಎಲ್ಲಾ ಬರುತ್ತೆ. ಇಡೀ ಹಣ್ಣಲ್ಲಿ, ಹಾಲಲ್ಲಿ ಸಹಜವಾಗಿ ಇರೋದು ಬರಲ್ಲ. 1600 ಕ್ಯಾಲೊರಿಯವರಿಗೆ ಶೇಕಡಾ 10 ಅಂದ್ರೆ 40 ಗ್ರಾಂ.

ಈಗ ಹೋಲಿಸಿ. ಎರಡು ಹೋಳಿಗೆಯ ಬೆಲ್ಲ 34 ಗ್ರಾಂ, ಹಬ್ಬದ ದಿನವೂ 40ರ ಒಳಗೇ ಇದೆ. ಮೂರು ಕಾಫಿಯ ಸಕ್ಕರೆ 30 ಗ್ರಾಂ, ಅದು ವರ್ಷದ 365 ದಿನವೂ ಇದೆ. ಎರಡೂ ಒಂದೇ ದಿನ ಸೇರಿದ್ರೆ 64. ಆಗ ಮಿತಿ ದಾಟಿತು. ಎರಡರಲ್ಲಿ ಒಂದನ್ನ ಬಿಡಬೇಕು ಅಂದ್ರೆ ಯಾವುದನ್ನ ಬಿಡ್ತೀರಿ?

ನನ್ನ ಸಲಹೆ ಇಷ್ಟೇ. ಕಾಫಿಯಲ್ಲಿ ಎರಡು ಚಮಚ ಇದ್ದದ್ದನ್ನ ಒಂದಕ್ಕೆ ಇಳಿಸಿ. ಒಂದೇ ದಿನ ಅಲ್ಲ. ಮೊದಲ ವಾರ ಒಂದೂವರೆ, ಆಮೇಲೆ ಒಂದು. ಎರಡು ಮೂರು ವಾರದಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತೆ. ವಾರಕ್ಕೆ 420 ಕ್ಯಾಲೊರಿ ಉಳೀತು. ಅದೇ ನಿಮ್ಮ ಸಿಹಿಯ ಬಜೆಟ್. ಭಾನುವಾರ ಮಧ್ಯಾಹ್ನ ನಿಮಗೆ ನಿಜವಾಗಿ ಇಷ್ಟವಾದ ಸಿಹಿ ಒಂದನ್ನ, ಅದು ಧಾರವಾಡ ಪೇಡ ಆಗ್ಲಿ, ಬೆಳಗಾವಿ ಕುಂದಾ ಆಗ್ಲಿ, ಅಯ್ಯಂಗಾರ್ ಬೇಕರಿಯ ಹನಿ ಕೇಕ್ ಆಗ್ಲಿ, ಕೂತು ತಿನ್ನಿ.

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು

"ಇಷ್ಟೆಲ್ಲಾ ಲೆಕ್ಕ ಯಾಕೆ, ಸಿಹಿ ಪೂರ್ತಿ ಬಿಟ್ಟುಬಿಟ್ರೆ ಆಗಲ್ವಾ?" ಅಂತ ಕೇಳಬಹುದು. ಕೆಲವರಿಗೆ ಆಗುತ್ತೆ. ಸಿಹಿ ಮೇಲೆ ಆಸೆಯೇ ಇಲ್ಲದವರು ಇದ್ದಾರೆ, ಅವರು ಪುಣ್ಯವಂತರು. ಆಸೆ ಇದ್ದವರು ಪೂರ್ತಿ ಬಿಟ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೇ ಪ್ರಯೋಗ ಇದೆ.

1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿನಿಯರಿಗೆ ಐಸ್‌ಕ್ರೀಮ್ ರುಚಿ ನೋಡೋ ಕೆಲಸ ಕೊಟ್ರು. ಎಷ್ಟು ಬೇಕಾದ್ರೂ ತಿನ್ನಬಹುದು. ಕೆಲವರಿಗೆ ಅದಕ್ಕೂ ಮೊದಲೇ ಮಿಲ್ಕ್‌ಶೇಕ್ ಕುಡಿಸಿದ್ರು. ಮಿಲ್ಕ್‌ಶೇಕ್ ಕುಡಿದವರು ಐಸ್‌ಕ್ರೀಮ್ ಕಮ್ಮಿ ತಿನ್ನಬೇಕು ಅಲ್ವಾ? ಊಟದ ಮೇಲೆ ಕಟ್ಟುಪಾಡು ಇಟ್ಟುಕೊಳ್ಳದವರು ಹಾಗೇ ಮಾಡಿದ್ರು. ಆದ್ರೆ ಡಯಟ್ ಅಂತ ಸದಾ ಬಾಯಿ ಕಟ್ಟೋ ಸ್ವಭಾವದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನ ಇನ್ನೂ ಜಾಸ್ತಿ ತಿಂದ್ರು.

ಕಾರಣ ನಮಗೆಲ್ಲಾ ಗೊತ್ತಿರೋದೇ. ಒಂದು ಸಲ ನಿಯಮ ಮುರೀತು ಅಂದ್ರೆ "ಹೇಗೂ ಕೆಟ್ಟಾಯ್ತು, ಇವತ್ತು ಪೂರ್ತಿ ತಿಂದುಬಿಡೋಣ, ನಾಳೆಯಿಂದ ನೋಡೋಣ" ಅನ್ಸುತ್ತೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು ಅಂತ ನಮ್ಮ ಗಾದೆ ಹೇಳುತ್ತಲ್ಲ, ಅದೇ. ಒಂದು ಜಾಮೂನ್ ತಿಂದದ್ದರಿಂದ ಆಗೋ ನಷ್ಟ ಸಣ್ಣದು. "ಹೇಗೂ ಕೆಟ್ಟಾಯ್ತು" ಅಂತ ಆಮೇಲೆ ತಿನ್ನೋ ಐದು ಜಾಮೂನು, ರಾತ್ರಿ ಆರ್ಡರ್ ಮಾಡೋ ಪಿಜ್ಜಾ, ಅದರ ಮೇಲೆ ಬರೋ ಸೋಮವಾರದ ಉಪವಾಸ, ನಷ್ಟ ಅಲ್ಲಿದೆ.

ಹಾಗಾಗಿ ಸಿಹಿಗೆ ಮೊದಲೇ ಜಾಗ ಕೊಟ್ಟು ಇಟ್ರೆ ತಿಂದಾಗ ನಿಯಮ ಮುರಿಯೋದೇ ಇಲ್ಲ, ಯಾಕಂದ್ರೆ ಅದು ನಿಯಮದ ಒಳಗೇ ಇದೆ.

ಬೆಲ್ಲ, ಜೇನು, ಶುಗರ್‌ಫ್ರೀ: ಮೂರು ತಪ್ಪು ತಿಳುವಳಿಕೆ

ಮೊದಲನೇದು, "ಬೆಲ್ಲ ಹಾಕಿದ್ದು, ಪರವಾಗಿಲ್ಲ." 100 ಗ್ರಾಂ ಸಕ್ಕರೆಗೆ 400 ಕ್ಯಾಲೊರಿ ಆದ್ರೆ, ಬೆಲ್ಲಕ್ಕೆ ಸುಮಾರು 380. ವ್ಯತ್ಯಾಸ ಅಷ್ಟೇ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದೆ, ನಿಜ. ಆದ್ರೆ ಅದಕ್ಕೋಸ್ಕರ ಬೆಲ್ಲ ತಿನ್ನೋದಕ್ಕಿಂತ ರಾಗಿ, ಸೊಪ್ಪು ತಿನ್ನೋದು ಎಷ್ಟೋ ವಾಸಿ. ಬೆಲ್ಲವನ್ನ ಅದರ ರುಚಿಗೆ ತಿನ್ನಿ. ಬೆಲ್ಲದ ಹೋಳಿಗೆಯ ಘಮ ಸಕ್ಕರೆ ಹೋಳಿಗೆಗೆ ಬರಲ್ಲ, ಅದೊಂದೇ ಕಾರಣ ಸಾಕು.

ಎರಡನೇದು ಜೇನುತುಪ್ಪ. ಅದರಲ್ಲಿ ನೀರಿನ ಅಂಶ ಇರೋದ್ರಿಂದ 100 ಗ್ರಾಂಗೆ 300ರ ಆಸುಪಾಸು. ಆದ್ರೆ ಅದು ಗಟ್ಟಿ, ಭಾರ. ಒಂದು ಚಮಚದಲ್ಲಿ ಸಕ್ಕರೆಗಿಂತ ಜಾಸ್ತಿ ಗ್ರಾಂ ಹಿಡಿಯುತ್ತೆ. ಬೆಳಗ್ಗೆ ಬಿಸಿನೀರಿಗೆ ಎರಡು ಚಮಚ ಜೇನು ಹಾಕಿ ಕುಡಿದ್ರೆ ತೂಕ ಇಳಿಯುತ್ತೆ ಅಂತ ನಂಬಿದವರು ಆ ಎರಡು ಚಮಚವನ್ನೂ ಲೆಕ್ಕಕ್ಕೆ ಸೇರಿಸಿ.

ಮೂರನೇದು ಶುಗರ್‌ಫ್ರೀ ಸ್ವೀಟು. ಮೈಸೂರು ಪಾಕಿನ ಲೆಕ್ಕ ನೆನಪಿದೆ ತಾನೆ? ಸಕ್ಕರೆ ತೆಗೆದ್ರೂ ತುಪ್ಪ ಅಲ್ಲೇ ಇರುತ್ತೆ. ಖರ್ಜೂರ, ಗೋಡಂಬಿ ಹಾಕಿದ ಲಡ್ಡು ಒಳ್ಳೇದೇ, ಆದ್ರೆ ಅದೂ ಕ್ಯಾಲೊರಿಯೇ. ಸಂಕ್ರಾಂತಿಯ ಎಳ್ಳು-ಬೆಲ್ಲದಲ್ಲಿ ಎಳ್ಳು, ಕಡಲೆಬೀಜ, ಕೊಬ್ಬರಿ ಇರೋದ್ರಿಂದ 100 ಗ್ರಾಂಗೆ ಸುಮಾರು 500 ಬರುತ್ತೆ. ಒಳ್ಳೇ ಕೊಬ್ಬು, ಪ್ರೋಟೀನ್ ಎಲ್ಲಾ ಇದೆ. ಆದ್ರೂ ಒಂದು ಹಿಡಿ ತಿನ್ನೋ ಪದಾರ್ಥ ಅದು, ಡಬ್ಬಿ ಮಡಿಲಲ್ಲಿ ಇಟ್ಕೊಂಡು ಸಿನಿಮಾ ನೋಡ್ತಾ ತಿನ್ನೋದಲ್ಲ.

ನಾಳೆಯಿಂದಲೇ ಮಾಡಬಹುದಾದ ಐದು ಕೆಲಸ

ಒಂದು, ದಿನದ ಲೆಕ್ಕದ ಜೊತೆ ವಾರದ ಲೆಕ್ಕವನ್ನೂ ನೋಡಿ. 1600 ಅಂದ್ರೆ ವಾರಕ್ಕೆ 11,200. ಶನಿವಾರ ಮದುವೆ ಊಟ ಇದೆ, 300 ಜಾಸ್ತಿ ಆಗುತ್ತೆ ಅಂತ ಗೊತ್ತಿದ್ರೆ ಉಳಿದ ಆರು ದಿನ ಐವತ್ತೈವತ್ತು ಕಮ್ಮಿ ಮಾಡಿ. ಐವತ್ತು ಅಂದ್ರೆ ಒಂದು ಕ್ರೀಮ್ ಬಿಸ್ಕೆಟ್. ಯಾರಿಗೂ ಕಷ್ಟ ಇಲ್ಲ.

ಎರಡು, ಪೀಸ್ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ ಬನ್ನಿ. ಒಂದು ಸಣ್ಣ ಕಿಚನ್ ಸ್ಕೇಲ್ ಇದ್ರೆ ಸಾಕು. ಎಲ್ಲವನ್ನೂ ಜೀವನಪೂರ್ತಿ ತೂಗಬೇಕಾಗಿಲ್ಲ. ನೀವು ಹೆಚ್ಚಾಗಿ ತಿನ್ನೋ ನಾಲ್ಕೈದು ಸಿಹಿಯನ್ನ ಒಂದೊಂದು ಸಲ ತೂಗಿ ನೋಡಿ, ಆಮೇಲೆ ಕಣ್ಣಿಗೇ ಗೊತ್ತಾಗುತ್ತೆ. ಹೊರಗಡೆ ಹಾಗೆಲ್ಲಾ ತೂಗೋಕೆ ಆಗಲ್ಲ. ಅಲ್ಲಿ ಅಂದಾಜು ಮಾಡಿ, ಅಂದಾಜು ಸ್ವಲ್ಪ ಜಾಸ್ತಿಯೇ ಇರಲಿ.

ಮೂರು, ಪ್ಯಾಕೆಟ್ ಹಿಂಭಾಗ ಓದಿ. ಕ್ಯಾಲೊರಿ 100 ಗ್ರಾಂಗೆ ಕೊಟ್ಟಿದ್ದಾರಾ, ಒಂದು ಸರ್ವಿಂಗ್‌ಗೆ ಕೊಟ್ಟಿದ್ದಾರಾ ನೋಡಿ. ಪ್ಯಾಕೆಟ್ ತೂಕ 60 ಗ್ರಾಂ ಇದ್ದು ಸರ್ವಿಂಗ್ 20 ಗ್ರಾಂ ಅಂತ ಬರೆದಿದ್ರೆ, ಇಡೀ ಪ್ಯಾಕೆಟ್ ತಿಂದವರು ಮೂರರಿಂದ ಗುಣಿಸಬೇಕು. ಸೇರಿಸಿದ ಸಕ್ಕರೆ ಎಷ್ಟು ಅನ್ನೋ ಸಾಲೂ ಅಲ್ಲೇ ಇರುತ್ತೆ.

ನಾಲ್ಕು, ಸಿಹಿಯನ್ನ ತಟ್ಟೆಗೆ ಹಾಕ್ಕೊಂಡು, ಕೂತು, ಫೋನ್ ಪಕ್ಕಕ್ಕಿಟ್ಟು ತಿನ್ನಿ. ಈ ಪಾಡ್‌ಕಾಸ್ಟನ್ನೂ ಐದು ನಿಮಿಷ ನಿಲ್ಲಿಸಿ, ಬೇಜಾರಿಲ್ಲ. ಡಬ್ಬಿಯಿಂದ ನೇರವಾಗಿ ತಿಂದ್ರೆ ಎಷ್ಟು ತಿಂದ್ರಿ ಅಂತ ನಿಮಗೇ ಗೊತ್ತಾಗಲ್ಲ. ಜಾಮೂನು ತಿಂದ್ರೆ ಜಾಮೂನು ತಿನ್ನಿ, ಬಟ್ಟಲಲ್ಲಿ ಉಳಿದ ಪಾಕ ಕುಡಿಯಬೇಡಿ. ಎರಡು ದೊಡ್ಡ ಚಮಚ ಪಾಕದಲ್ಲಿ ಸುಮಾರು 70 ಕ್ಯಾಲೊರಿ ಇರುತ್ತೆ, ಆ ಹೊತ್ತಿಗೆ ನಾಲಿಗೆಗೆ ರುಚಿಯೂ ಸಾಕಾಗಿರುತ್ತೆ.

ಐದು, ಬಡಿಸೋವ್ರ ಹತ್ರ ಮಾತಾಡೋದು. ನಮ್ಮಲ್ಲಿ ಇದೇ ದೊಡ್ಡ ಕಷ್ಟ. "ಡಯಟ್ ಮಾಡ್ತಿದ್ದೀನಿ, ಬೇಡ" ಅಂದ್ರೆ ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರೂ ಸೇರಿ ಎರಡು ಜಾಸ್ತಿ ಹಾಕ್ತಾರೆ. "ದೊಡ್ಡಮ್ಮ, ತುಂಬಾ ಚೆನ್ನಾಗಿದೆ, ಅರ್ಧ ಹಾಕಿ, ಸಂಜೆಗೆ ಇನ್ನರ್ಧ ಎತ್ತಿಡಿ" ಅನ್ನಿ. ಅವರಿಗೆ ಬೇಕಾಗಿರೋದು ನೀವು ಖುಷಿಯಾಗಿ ತಿನ್ನೋದು, ಎಣಿಸಿ ನಾಲ್ಕು ತಿನ್ನೋದಲ್ಲ. ತಟ್ಟೆಯಲ್ಲಿ ಸ್ವಲ್ಪ ಉಳಿಸ್ಕೊಂಡು ನಿಧಾನಕ್ಕೆ ತಿಂತಾ ಇದ್ರೆ ಮತ್ತೆ ಬಡಿಸೋಕೆ ಬರೋದೂ ಕಮ್ಮಿ. ಊರಿಂದ ವಾಪಸ್ ಬರೋವಾಗ ಡಬ್ಬಿ ತುಂಬಾ ಕಟ್ಟಿ ಕೊಟ್ರೆ ಪಿಜಿಯಲ್ಲಿ ಎಲ್ಲರಿಗೂ ಹಂಚಿ. ಒಬ್ಬರೇ ನಾಲ್ಕು ದಿನ ರಾತ್ರಿ ತಿನ್ನೋದಕ್ಕಿಂತ ಹತ್ತು ಜನ ಒಂದೊಂದು ತಿಂದ್ರೆ ಡಬ್ಬಿಗೂ ಮರ್ಯಾದೆ.

ಈ ಲೆಕ್ಕ ಎಲ್ಲರಿಗೂ ಅಲ್ಲ

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಮಧುಮೇಹ ಇದ್ದವರು, ಗರ್ಭಿಣಿಯರು, ಕಿಡ್ನಿ ಅಥವಾ ಬೇರೆ ಕಾಯಿಲೆಗೆ ಔಷಧ ತಗೊಳ್ತಿರೋರು ನಾನು ಹೇಳಿದ ಅಂಕಿಗಳನ್ನ ಹಾಗೇ ಅನುಸರಿಸಬೇಡಿ. ನಿಮ್ಮ ವೈದ್ಯರನ್ನ ಕೇಳಿ. ಮಧುಮೇಹ ಇದ್ದವರಿಗೆ ಒಂದು ಊಟದಲ್ಲಿ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು ಅನ್ನೋದು ಮುಖ್ಯ, ಅದನ್ನ ಔಷಧದ ಜೊತೆ ಹೊಂದಿಸಬೇಕು. 1600 ಅನ್ನೋದು ಆ ಒಬ್ಬ ಕೇಳುಗರ ಅಂಕಿ. ನಿಮ್ಮ ಎತ್ತರ, ತೂಕ, ಕೆಲಸಕ್ಕೆ ಅದು ಬೇರೆ ಇರುತ್ತೆ. 18 ವರ್ಷದೊಳಗಿನವರು ಬೆಳೆಯೋ ವಯಸ್ಸಲ್ಲಿದ್ದೀರಿ. ವೈದ್ಯರು ಹೇಳದೆ ಕ್ಯಾಲೊರಿ ಎಣಿಸೋಕೆ ಹೋಗಬೇಡಿ.

ಇನ್ನೊಂದು ವಿಷಯ. ಲೆಕ್ಕ ಅನ್ನೋದು ಕೈಯಲ್ಲಿರೋ ಟಾರ್ಚ್ ಇದ್ದ ಹಾಗೆ, ದಾರಿ ಕಾಣಿಸೋಕೆ ಬೇಕು. ಆದ್ರೆ ಕೆಲವರಿಗೆ ಅದೇ ಹೊರೆ ಆಗುತ್ತೆ. ಒಂದು ತುತ್ತು ಜಾಸ್ತಿ ತಿಂದ್ರೆ ನಿದ್ದೆ ಬರಲ್ಲ, ಗೆಳೆಯರ ಜೊತೆ ಊಟಕ್ಕೆ ಹೋಗೋಕೆ ಭಯ, ಯಾರಿಗೂ ಕಾಣದ ಹಾಗೆ ಒಂದೇ ಸಲ ತುಂಬಾ ತಿಂದು ಆಮೇಲೆ ವಾಂತಿ ಮಾಡೋದು ಅಥವಾ ಎರಡು ದಿನ ಉಪವಾಸ ಇರೋದು, ಇಂಥದ್ದು ಶುರುವಾಗಿದ್ರೆ ಅದು ಶಿಸ್ತು ಅಲ್ಲ. ಆ್ಯಪ್ ತೆಗೆದುಹಾಕಿ, ಯಾರ ಹತ್ರ ಆದ್ರೂ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಾಚಿಕೆ ಪಡೋ ವಿಷಯ ಇದರಲ್ಲಿ ಏನೂ ಇಲ್ಲ.

ಈ ವಾರದ ಹೋಮ್‌ವರ್ಕ್

ಮೂರು ದಿನ, ಮೂರೇ ದಿನ, ಕಾಫಿ, ಟೀಗೆ ಎಷ್ಟು ಚಮಚ ಸಕ್ಕರೆ ಹೋಯ್ತು ಅಂತ ಫೋನಿನ ನೋಟ್ಸ್‌ನಲ್ಲಿ ಬರೆದಿಡಿ. ಬಿಸ್ಕೆಟ್, ಜ್ಯೂಸ್, ಕೋಲಾ ಇದ್ರೆ ಅದನ್ನೂ. ಏನನ್ನೂ ಬಿಡಬೇಡಿ, ಬದಲಾಯಿಸಬೇಡಿ, ಸುಮ್ಮನೆ ಬರೀರಿ. ನಾಲ್ಕನೇ ದಿನ ಕೂಡಿಸಿ, ಅದರಲ್ಲಿ ಯಾವುದರ ರುಚಿ ನಿಮಗೆ ಇನ್ನೂ ನೆನಪಿದೆ ನೋಡಿ. ನೆನಪಿಲ್ಲದ್ದನ್ನ ಒಂದೊಂದಾಗಿ ಕಮ್ಮಿ ಮಾಡಿ. ನೆನಪಿರೋದನ್ನ ಉಳಿಸ್ಕೊಳ್ಳಿ.

ಲೆಕ್ಕ ಎಷ್ಟು ಬಂತು ಅಂತ ನಮಗೂ ವಾಯ್ಸ್ ಮೆಸೇಜ್ ಮಾಡಿ. ನಿಮ್ಮ ಮನೆಯ ಯಾವ ಸಿಹಿಯ ಕ್ಯಾಲೊರಿ ಲೆಕ್ಕ ಬೇಕು ಅನ್ನೋದನ್ನೂ ತಿಳಿಸಿ, ಸಾಮಾನಿನ ಅಳತೆ ಜೊತೆಗೆ ಕಳಿಸಿದ್ರೆ ಇಲ್ಲೇ ಕೂಡಿಸಿ ಹೇಳ್ತೀವಿ. ಮುಂದಿನ ವಾರ ರಾತ್ರಿ ಹನ್ನೊಂದು ಗಂಟೆಗೆ ಫುಡ್ ಆ್ಯಪ್ ತೆರೆಸೋ ಹಸಿವಿನ ಬಗ್ಗೆ ಮಾತಾಡೋಣ. ಅಲ್ಲೀವರೆಗೂ ಚೆನ್ನಾಗಿ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ನಮಸ್ಕಾರ.